ಯಾರೂ ನಿಲ್ಲದ ಸಂಗಮ: ಅಲೆಕ್ಸಾಂಡರ್ ಕೌಂಟಿಯ ಪ್ರಕರಣ

ಎರಡು ಮಹಾನದಿಗಳು ಕೂಡುವ ಜಾಗವನ್ನು ನಕ್ಷೆಯಲ್ಲಿ ನೋಡಿದ ಯಾರಿಗಾದರೂ ಅಲ್ಲೊಂದು ದೊಡ್ಡ ಪಟ್ಟಣ ಇದ್ದೇ ಇರಬೇಕು ಅನ್ನಿಸುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿರುವ ಅಲೆಕ್ಸಾಂಡರ್ ಕೌಂಟಿಯ ಬಗ್ಗೆ ಇನ್ನೂರು ವರ್ಷಗಳಿಂದ ಜನ ಹಾಗೇ ಅಂದುಕೊಳ್ಳುತ್ತ ಬಂದಿದ್ದಾರೆ. ಪಶ್ಚಿಮಕ್ಕೆ ಮಿಸಿಸಿಪಿ, ತುದಿಯಲ್ಲಿ ಪೂರ್ವಕ್ಕೆ ಓಹಾಯೊ. ಎರಡೂ ಸೇರುವ ಮೂಲೆಯಲ್ಲಿ ಕೌಂಟಿಯ ಕೇಂದ್ರವಾದ ಪಟ್ಟಣ. ಅದರ ಹೆಸರನ್ನು ಈಜಿಪ್ಟಿನ ಕೈರೋ ನಗರದ ಅಕ್ಷರಗಳಲ್ಲೇ ಬರೆಯುತ್ತಾರೆ, ಆದರೆ ಊರಿನವರು ಹೇಳುವುದು ‘ಕೇರೋ’ ಎಂದು.

1940ರ ಜನಗಣತಿಯಲ್ಲಿ ಈ ಕೌಂಟಿಯಲ್ಲಿ 25,496 ಜನ ಇದ್ದರು. 2010ರಲ್ಲಿ 8,238. 2020ರಲ್ಲಿ 5,240. ಕೊನೆಯ ಹತ್ತೇ ವರ್ಷದಲ್ಲಿ ನೂರಕ್ಕೆ 36 ಜನ ಕಡಿಮೆಯಾದರು. ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚಿನ ಕೌಂಟಿಗಳಲ್ಲಿ ಆ ದಶಕದಲ್ಲಿ ಇಷ್ಟು ಪ್ರಮಾಣದ ಇಳಿಕೆ ಬೇರೆಲ್ಲೂ ಆಗಲಿಲ್ಲ. ಕೇರೋ ಪಟ್ಟಣವನ್ನಷ್ಟೇ ತೆಗೆದುಕೊಂಡರೆ, 1920ರಲ್ಲಿ 15,203 ಜನರಿದ್ದ ಊರು ನೂರು ವರ್ಷ ಕಳೆಯುವಷ್ಟರಲ್ಲಿ 1,733ಕ್ಕೆ ಇಳಿದಿದೆ.

ಕೌಂಟಿ ಎಂದರೆ ವಿಸ್ತೀರ್ಣದಲ್ಲಿ ನಮ್ಮ ಸಣ್ಣ ತಾಲ್ಲೂಕಿನಷ್ಟು, ಅಧಿಕಾರದಲ್ಲಿ ಜಿಲ್ಲೆಯ ಹಾಗೆ. ಅದಕ್ಕೆ ತನ್ನದೇ ನ್ಯಾಯಾಲಯ, ತನ್ನದೇ ತೆರಿಗೆ, ಜನರೇ ಆರಿಸಿದ ಷೆರಿಫ್ (ಪೊಲೀಸ್ ಮುಖ್ಯಸ್ಥ) ಇರುತ್ತಾರೆ. ಅಲೆಕ್ಸಾಂಡರ್ ಕೌಂಟಿ ಸುಮಾರು 650 ಚದರ ಕಿ.ಮೀ. ಅಷ್ಟು ನೆಲ ಹೇಗೆ ಖಾಲಿಯಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಪ್ರವಾಹ’. ನಾನು ಈ ಉತ್ತರವನ್ನು ಒಪ್ಪುವುದಿಲ್ಲ. ಕೇರೋ ಪಟ್ಟಣ 1937ರಲ್ಲೂ 2011ರಲ್ಲೂ ಮುಳುಗಲಿಲ್ಲ. ನದಿಗೆ ಕಟ್ಟಿದ ಏರಿ ತನ್ನ ಕೆಲಸ ಮಾಡಿತು. ಊರು ಬರಿದಾದದ್ದು ಏರಿಯ ಒಳಗಿನಿಂದ.

ಎರಡು ನೀರಿನ ನಡುವಿನ ನೆಲ

ಕೌಂಟಿಯ ಉತ್ತರ ಭಾಗ ಗುಡ್ಡಗಾಡು. ಥೀಬ್ಸ್ ಎಂಬ ಊರಿನ ಹತ್ತಿರ ಮಿಸಿಸಿಪಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗಿ ಬಂದು, ಅಲ್ಲಿಂದ ಕೆಳಗೆ ಬಯಲಿಗೆ ಇಳಿದು ಮೈ ಚಾಚುತ್ತದೆ. ಥೀಬ್ಸ್, ಕೇರೋ, ಪಕ್ಕದ ಕೌಂಟಿಯಲ್ಲಿ ಕಾರ್ನಾಕ್: ಈ ಈಜಿಪ್ಟಿನ ಹೆಸರುಗಳಿಂದಾಗಿ ದಕ್ಷಿಣ ಇಲಿನಾಯನ್ನೇ ‘ಪುಟ್ಟ ಈಜಿಪ್ಟ್’ ಎಂದು ಕರೆಯುವ ರೂಢಿ ಇದೆ. ಬಯಲಿಗೆ ಇಳಿದ ನದಿ ಹಾವಿನಂತೆ ಹೊರಳುತ್ತದೆ, ಹಳೆಯ ಪಾತ್ರವನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಹಾಗೆ ಬಿಟ್ಟುಹೋದ ಒಂದು ಪಾತ್ರವೇ ಆಲಿವ್ ಬ್ರಾಂಚ್ ಊರಿನ ಪಕ್ಕದ ಹಾರ್ಸ್‌ಶೂ ಸರೋವರ, ಹೆಸರೇ ಹೇಳುವಂತೆ ಕುದುರೆ ಲಾಳದ ಆಕಾರ. ನೀರಿನಲ್ಲೇ ಬುಡ ಊರಿ ನಿಂತ ಸೈಪ್ರೆಸ್ ಮರಗಳ ಈ ಸರೋವರಕ್ಕೆ ಚಳಿಗಾಲದಲ್ಲಿ ಕೆನಡಾ ಹೆಬ್ಬಾತುಗಳು ಬರುತ್ತಿದ್ದವು, ಅವುಗಳ ಹಿಂದೆ ಬೇಟೆಗಾರರೂ ಬರುತ್ತಿದ್ದರು. ಉಳಿದ ಬಯಲೆಲ್ಲ ಮೆಕ್ಕಲು ಮಣ್ಣು: ಸೋಯಾ, ಮೆಕ್ಕೆಜೋಳ, ಗೋಧಿ.

ತುದಿಯ ಸಂಗಮದಲ್ಲಿ ಒಂದು ವಿಚಿತ್ರವಿದೆ. ಹೆಸರು ಉಳಿಸಿಕೊಂಡು ಮುಂದೆ ಹರಿಯುವುದು ಮಿಸಿಸಿಪಿ. ಆದರೆ ಹೆಚ್ಚು ನೀರು ತರುವುದು ಓಹಾಯೊ. ಸರಾಸರಿ ಲೆಕ್ಕದಲ್ಲಿ ಓಹಾಯೊದ ಹರಿವು ಸುಮಾರು 2.8 ಲಕ್ಷ ಕ್ಯೂಸೆಕ್, ಮಿಸಿಸಿಪಿಯದು ಸುಮಾರು 2.1 ಲಕ್ಷ. ಎರಡಕ್ಕೂ ಬೇರೆ ಬೇರೆ ಕಾಲಮಾನ. ಓಹಾಯೊ ಚಳಿಗಾಲದ ಕೊನೆಗೆ, ವಸಂತದ ಮಳೆಗೆ ಉಕ್ಕುತ್ತದೆ. ಮಿಸಿಸಿಪಿ ಉತ್ತರದ ಹಿಮ ಕರಗಿದ ನೀರನ್ನೂ ಹೊತ್ತು ಸ್ವಲ್ಪ ತಡವಾಗಿ ಬರುತ್ತದೆ. ಎರಡೂ ಒಟ್ಟಿಗೆ ಬಂದ ವರ್ಷ ಒಂದರ ನೀರು ಇನ್ನೊಂದನ್ನು ತಡೆದು ಹಿಂದಕ್ಕೆ ನೂಕುತ್ತದೆ, ನಡುವಿನ ಮೂಲೆ ಸಿಕ್ಕಿಬೀಳುತ್ತದೆ. ಇಡೀ ಇಲಿನಾಯ್ ರಾಜ್ಯದ ಅತಿ ತಗ್ಗಿನ ಜಾಗ ಇದೇ, ಸಮುದ್ರ ಮಟ್ಟದಿಂದ 279 ಅಡಿ. ಹಾಗಾಗಿ ಕೇರೋ ಒಂದು ಬಟ್ಟಲಿನೊಳಗಿನ ಊರು. ಸುತ್ತ ಮಣ್ಣಿನ ಏರಿ, ಓಹಾಯೊ ಕಡೆಗೆ ಕಾಂಕ್ರೀಟ್ ಗೋಡೆ. ಉತ್ತರದಿಂದ ಹೆದ್ದಾರಿ ಊರೊಳಗೆ ಬರುವ ಜಾಗದಲ್ಲಿ ಭಾರೀ ಉಕ್ಕಿನ ಬಾಗಿಲು. ಅದನ್ನು ಇಳಿಸಿದರೆ ಊರು ಪೂರ್ತಿ ಮುಚ್ಚಿಕೊಳ್ಳುತ್ತದೆ.

ನಿಂತವರಿಂದ ಬದುಕಿದ ಊರು

ಕೌಂಟಿ ರಚನೆಯಾದದ್ದು 1819ರಲ್ಲಿ, ಇಲಿನಾಯ್ ರಾಜ್ಯವಾದ ಮರುವರ್ಷ. ಅದಕ್ಕೂ ಒಂದು ವರ್ಷ ಮೊದಲೇ ಸಂಗಮದಲ್ಲಿ ನಗರ ಕಟ್ಟುವ ಸನ್ನದು ಪಡೆದವರಿದ್ದರು. ಅದು ಕಾಗದದಲ್ಲೇ ಉಳಿಯಿತು. 1837ರಲ್ಲಿ ಡೇರಿಯಸ್ ಹಾಲ್ಬ್ರುಕ್ ಎಂಬ ಉದ್ಯಮಿಯ ಕಂಪನಿ ಮತ್ತೆ ಕೈಹಾಕಿತು. ಲಂಡನ್ನಿನಲ್ಲಿ ಬಾಂಡ್ ಮಾರಿ ಹಣ ತಂದಿತು, ಏರಿ ಕಟ್ಟಲು ಶುರುಮಾಡಿತು. 1840ರಲ್ಲಿ ಲಂಡನ್ನಿನ ಹಣಕಾಸು ಸಂಸ್ಥೆ ಮುಳುಗಿತು, ಜೊತೆಗೆ ಈ ಕನಸೂ ಹೋಯಿತು. ನಕ್ಷೆ ನೋಡಿ ಹಣ ಹಾಕಿದವರಿಗೆ ಜೌಗು ನೆಲ ಕಂಡಿರಲಿಲ್ಲ. ಈ ಅವಧಿಯಲ್ಲೆಲ್ಲ ಕೌಂಟಿಯ ಕಚೇರಿ ಅಲೆಯುತ್ತಲೇ ಇತ್ತು: ಮೊದಲು ಅಮೆರಿಕಾ ಎಂಬ ಹೆಸರಿನ ಊರು, ಆಮೇಲೆ ಯೂನಿಟಿ, ಆಮೇಲೆ ಥೀಬ್ಸ್, ಕೊನೆಗೆ ಕೇರೋ. ಥೀಬ್ಸ್‌ನಲ್ಲಿ 1848ರಲ್ಲಿ ಮರಳುಗಲ್ಲಿನಿಂದ ಕಟ್ಟಿದ ನ್ಯಾಯಾಲಯದ ಕಟ್ಟಡ ನದಿಯ ಮೇಲಿನ ದಿಬ್ಬದಲ್ಲಿ ಇವತ್ತಿಗೂ ನಿಂತಿದೆ.

ಕೇರೋವನ್ನು ನಿಜವಾಗಿ ಎಬ್ಬಿಸಿದ್ದು ರೈಲು. 1856ರಲ್ಲಿ ಇಲಿನಾಯ್ ಸೆಂಟ್ರಲ್ ರೈಲುಮಾರ್ಗ ಪೂರ್ಣಗೊಂಡಾಗ ಉತ್ತರದ ಹಳಿ ಕೇರೋದಲ್ಲಿ ಮುಗಿಯುತ್ತಿತ್ತು. ಮುಂದೆ ದಕ್ಷಿಣಕ್ಕೆ ಹೋಗಬೇಕಾದವರು ರೈಲಿನಿಂದ ಇಳಿದು ಸ್ಟೀಮ್‌ಬೋಟ್ ಹತ್ತಬೇಕು. ಈ ಒಂದು ‘ಇಳಿದು ಹತ್ತುವ’ ಕ್ರಿಯೆಯಲ್ಲೇ ಊರಿನ ಜೀವ ಇತ್ತು. ಇಳಿದವರಿಗೆ ಊಟ ಬೇಕು, ರಾತ್ರಿ ತಂಗಲು ಕೋಣೆ ಬೇಕು. ಸರಕನ್ನು ಇಳಿಸಲು ಹಮಾಲರು, ಇಡಲು ಗೋದಾಮು, ಲೆಕ್ಕ ಬರೆಯಲು ಗುಮಾಸ್ತರು, ಸುಂಕ ವಸೂಲಿಗೆ ಕಚೇರಿ ಬೇಕು. 1872ರ ಕಸ್ಟಮ್ ಹೌಸ್ ಕಟ್ಟಡ ಈಗ ವಸ್ತುಸಂಗ್ರಹಾಲಯ. ಅದೇ ಕಾಲದಲ್ಲಿ ಹಿಟ್ಟಿನ ಗಿರಣಿಯ ಮಾಲೀಕನೊಬ್ಬ ಕಟ್ಟಿಸಿದ ಮ್ಯಾಗ್ನೋಲಿಯಾ ಮ್ಯಾನರ್ ಎಂಬ ಬಂಗಲೆಯೂ ಉಳಿದಿದೆ. ಸಮುದ್ರದಿಂದ ಇಷ್ಟು ದೂರದ ಊರಿಗೆ ಸುಂಕದ ಕಟ್ಟೆ ಯಾಕೆ ಬೇಕಾಯಿತು ಎಂದು ಯೋಚಿಸಿದರೆ ಅಲ್ಲಿ ನಿಂತು ಹೋಗುತ್ತಿದ್ದ ಸರಕಿನ ಅಂದಾಜು ಸಿಗುತ್ತದೆ.

ಅಂತರ್ಯುದ್ಧ ಈ ಸ್ಥಾನದ ಬೆಲೆಯನ್ನು ಇನ್ನೂ ಏರಿಸಿತು. ಒಂದು ಕಡೆ ಕೆಂಟಕಿ, ಇನ್ನೊಂದು ಕಡೆ ಮಿಸೌರಿ, ಎರಡೂ ಗುಲಾಮಗಿರಿ ಇದ್ದ ರಾಜ್ಯಗಳು. ನಡುವೆ ಚೂಪಾಗಿ ಚಾಚಿಕೊಂಡ ಈ ನೆಲ, ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡಿದ ಒಕ್ಕೂಟ ಪಕ್ಷದ ಕೈಯಲ್ಲಿ. 1861ರ ಸೆಪ್ಟೆಂಬರಿನಲ್ಲಿ ಒಕ್ಕೂಟದ ಸೇನಾನಿ ಯುಲಿಸಿಸ್ ಗ್ರಾಂಟ್ ಇಲ್ಲಿಗೆ ಬಂದು ಬೀಡುಬಿಟ್ಟರು. 1862ರ ಫೆಬ್ರುವರಿಯಲ್ಲಿ ದಕ್ಷಿಣದವರ ಫೋರ್ಟ್ ಹೆನ್ರಿ, ಫೋರ್ಟ್ ಡೊನೆಲ್ಸನ್ ಕೋಟೆಗಳ ಮೇಲೆ ಹೋದ ಸೈನ್ಯ ಹೊರಟದ್ದು ಇಲ್ಲಿಂದಲೇ. ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರೂ ಸಾವಿರಾರು ಸಂಖ್ಯೆಯಲ್ಲಿ ಈ ಶಿಬಿರಕ್ಕೆ ಬಂದು ಸೇರಿದರು. ಯುದ್ಧ ಮುಗಿದ ಮೇಲೆ ಸೈನ್ಯ ಹೋಯಿತು, ಅವರಲ್ಲಿ ಅನೇಕರು ಇಲ್ಲೇ ಉಳಿದರು. ಈ ಕೌಂಟಿಯ ಮುಂದಿನ ನೂರು ವರ್ಷದ ಕಥೆಗೆ ಇದು ಮುಖ್ಯ.

ಆಮೇಲೆ ಸೇತುವೆಗಳು ಬಂದವು. 1889ರಲ್ಲಿ ಓಹಾಯೊ ಮೇಲೆ ರೈಲು ಸೇತುವೆ ತೆರೆಯಿತು. ಎರಡೂ ಕಡೆಯ ಏರುದಾರಿ ಸೇರಿಸಿದರೆ ಆರು ಕಿ.ಮೀ.ಗೂ ಉದ್ದ, ಅಂದಿನ ಎಂಜಿನಿಯರಿಂಗ್‌ನ ದೊಡ್ಡ ಸಾಧನೆ. ಅದುವರೆಗೆ ರೈಲು ಡಬ್ಬಿಗಳನ್ನು ದೋಣಿಯ ಮೇಲೆ ಹತ್ತಿಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಸೇತುವೆ ಆದ ಮೇಲೆ ಷಿಕಾಗೊದಿಂದ ಹೊರಟ ರೈಲು ಕೇರೋದಲ್ಲಿ ಇಳಿಸದೆ, ಹತ್ತಿಸದೆ ನ್ಯೂ ಆರ್ಲಿಯನ್ಸ್ ಕಡೆಗೆ ಹೋಗಬಹುದಾಯಿತು. 1905ರಲ್ಲಿ ಥೀಬ್ಸ್ ಬಳಿ ಮಿಸಿಸಿಪಿ ಮೇಲೆ ಇನ್ನೊಂದು ರೈಲು ಸೇತುವೆ ಬಂತು, ಪೂರ್ವ ಪಶ್ಚಿಮದ ರೈಲುಗಳಿಗೆ ಕೇರೋದ ಹಂಗೇ ಬೇಡವಾಯಿತು. 1929ರಲ್ಲಿ ಮಿಸಿಸಿಪಿಗೆ, 1938ರಲ್ಲಿ ಓಹಾಯೊಗೆ ರಸ್ತೆ ಸೇತುವೆಗಳಾದವು, ಕಾರುಗಳನ್ನು ದಾಟಿಸುವ ದೋಣಿಗಳಿಗೂ ಕೆಲಸ ಹೋಯಿತು. ಕೊನೆಯದಾಗಿ 1978ರಲ್ಲಿ 57ನೇ ಅಂತರರಾಜ್ಯ ಹೆದ್ದಾರಿಯ ಸೇತುವೆ. ಅದು ಪಟ್ಟಣದ ಹೊರಗಿನಿಂದಲೇ ಮಿಸೌರಿಗೆ ದಾಟುತ್ತದೆ. ಅದರ ಮೇಲೆ ಹೋಗುವವನಿಗೆ ಕೇರೋದ ಮುಖ್ಯಬೀದಿ ಕಾಣುವುದೇ ಇಲ್ಲ.

ಪ್ರತಿ ಸೇತುವೆಯನ್ನೂ ಊರು ಹಬ್ಬದಂತೆ ಬರಮಾಡಿಕೊಳ್ಳುವುದು ಸಹಜ. ಆದರೆ ಲೆಕ್ಕ ಹಾಕಿದರೆ, ಪ್ರತಿಯೊಂದೂ ಪ್ರಯಾಣಿಕನಿಗೆ ಇಲ್ಲಿ ನಿಲ್ಲಬೇಕಾದ ಒಂದು ಕಾರಣವನ್ನು ಕಿತ್ತುಕೊಂಡಿತು. ಹಾಗಿದ್ದೂ ಕೌಂಟಿಯ ಜನಸಂಖ್ಯೆ ಅತಿ ಹೆಚ್ಚಾಗಿದ್ದದ್ದು 1940ರಲ್ಲಿ ಎಂಬುದನ್ನು ಮರೆಯಬಾರದು. ದಕ್ಷಿಣದ ಗಟ್ಟಿಮರ ಸಾಮಿಲ್ಲುಗಳಿಗೆ ಬರುತ್ತಿತ್ತು, ಸಿಂಗರ್ ಹೊಲಿಗೆ ಯಂತ್ರದ ಮರದ ಪೆಟ್ಟಿಗೆ ಮಾಡುವ ಕಾರ್ಖಾನೆ ಇತ್ತು, ಹತ್ತಿಬೀಜದ ಎಣ್ಣೆ, ಧಾನ್ಯದ ವ್ಯಾಪಾರ ಇತ್ತು. ಸೇತುವೆಗಳು ಊರನ್ನು ದುರ್ಬಲ ಮಾಡಿದವು ನಿಜ. ಇಂಥ ಪೆಟ್ಟು ತಿಂದು ಚೇತರಿಸಿಕೊಂಡ ನದಿಪಟ್ಟಣಗಳು ಅದೇ ಓಹಾಯೊ ದಡದಲ್ಲಿವೆ, ಮೇಲ್ಗಡೆಯ ಪಡೂಕಾ ಒಂದು. ಕೇರೋಗೆ ಯಾಕೆ ಆಗಲಿಲ್ಲ?

ಕಾಂಕ್ರೀಟ್ ಸುರಿದ ಈಜುಕೊಳ

1909ರ ನವೆಂಬರ್ 11ರ ರಾತ್ರಿ ಕೇರೋದ ಕಮರ್ಷಿಯಲ್ ಬೀದಿಯಲ್ಲಿ ವಿಲಿಯಂ ಜೇಮ್ಸ್ ಎಂಬ ಕಪ್ಪು ವ್ಯಕ್ತಿಯನ್ನು ಸಾವಿರಾರು ಜನರ ಗುಂಪು ಕೊಂದಿತು. ಕೊಲೆಯ ಆರೋಪ ಅವರ ಮೇಲಿತ್ತು, ವಿಚಾರಣೆ ನಡೆದಿರಲಿಲ್ಲ. ಪತ್ರಕರ್ತೆ ಐಡಾ ವೆಲ್ಸ್ ಷಿಕಾಗೊದಿಂದ ಬಂದು, ಊರಿನವರನ್ನು ಮಾತನಾಡಿಸಿ ಮಾಹಿತಿ ಕಲೆಹಾಕಿದರು. ಖೈದಿಯನ್ನು ಕಾಪಾಡದ ಷೆರಿಫ್‌ಗೆ ಮತ್ತೆ ಹುದ್ದೆ ಕೊಡಬಾರದು ಎಂದು ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಾದಿಸಿದರು. ರಾಜ್ಯಪಾಲ ಡೆನೀನ್ ಅವರ ವಾದವನ್ನು ಒಪ್ಪಿ ಷೆರಿಫ್ ಫ್ರಾಂಕ್ ಡೇವಿಸ್‌ಗೆ ಹುದ್ದೆ ಮರಳಿಸಲಿಲ್ಲ. ಕಾನೂನಿಗೆ ಅಲ್ಲೊಂದು ಗೆಲುವು ಸಿಕ್ಕಿತು. ಊರು ಬದಲಾಗಲಿಲ್ಲ.

ಐವತ್ತು ವರ್ಷಗಳ ನಂತರವೂ ಕಪ್ಪು ಮಕ್ಕಳಿಗೆ ಊರಿನ ಈಜುಕೊಳಕ್ಕೆ ಪ್ರವೇಶವಿರಲಿಲ್ಲ. 1962ರ ಬೇಸಿಗೆಯಲ್ಲಿ ವಿದ್ಯಾರ್ಥಿ ಚಳವಳಿಗಾರರು ಅದರ ಮುಂದೆ ಪ್ರತಿಭಟನೆ ನಡೆಸಿದರು. ಮುಂದೆ ಅಮೆರಿಕದ ಸಂಸತ್ತಿಗೆ ಹೋದ ಜಾನ್ ಲೂಯಿಸ್ ಅವರೂ ಅಲ್ಲಿದ್ದರು. ಅವರು ಮಂಡಿಯೂರಿ ಪ್ರಾರ್ಥಿಸುತ್ತಿರುವ ಚಿತ್ರ ಆ ಚಳವಳಿಯ ಅತ್ಯಂತ ಪರಿಚಿತ ಚಿತ್ರಗಳಲ್ಲಿ ಒಂದು. ಎಲ್ಲರಿಗೂ ತೆರೆಯಬೇಕಾದ ಪರಿಸ್ಥಿತಿ ಬಂದಾಗ ಈಜುಕೊಳವನ್ನೇ ಮುಚ್ಚಿದರು. ಆಮೇಲೆ ಅದರೊಳಗೆ ಕಾಂಕ್ರೀಟ್ ಸುರಿದರು. ಸೆಖೆಗೆ ಮೈ ಬೇಯುವ ಊರಿನಲ್ಲಿ ಬಿಳಿಯರ ಮಕ್ಕಳಿಗೂ ಕೊಳ ಇಲ್ಲವಾಯಿತು. ಈ ಪ್ರಕರಣದ ಎಲ್ಲ ವಿವರಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಪಕ್ಕದವನಿಗೂ ಸಿಗುತ್ತದೆ ಎನ್ನುವುದಾದರೆ ತನಗೂ ಬೇಡ ಎಂಬ ತೀರ್ಮಾನವನ್ನು ಒಂದು ಊರು ತನ್ನ ಕೈಯಾರೆ, ತನ್ನ ಖರ್ಚಿನಲ್ಲಿ ಮಾಡಿತು.

1967ರ ಜುಲೈನಲ್ಲಿ ರಾಬರ್ಟ್ ಹಂಟ್ ಎಂಬ ಹತ್ತೊಂಬತ್ತರ ಕಪ್ಪು ಸೈನಿಕ ಪೊಲೀಸ್ ಸೆರೆಯಲ್ಲಿ ಸತ್ತ. ಆತ್ಮಹತ್ಯೆ ಎಂದು ಅಧಿಕಾರಿಗಳು ಹೇಳಿದರು, ಕಪ್ಪು ಸಮುದಾಯ ನಂಬಲಿಲ್ಲ. ಗಲಭೆಯಾಯಿತು, ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಬಂತು. ಬಿಳಿಯರು ‘ವೈಟ್ ಹ್ಯಾಟ್ಸ್’ ಎಂಬ ಹೆಸರಿನಲ್ಲಿ ಶಸ್ತ್ರ ಹಿಡಿದು ಗಸ್ತು ತಿರುಗತೊಡಗಿದರು. 1969ರಲ್ಲಿ ಪಾದ್ರಿ ಚಾರ್ಲ್ಸ್ ಕೋಯೆನ್ ಮುಂದಾಳತ್ವದ ಕಪ್ಪು ಜನರ ಸಂಘಟನೆ ಯುನೈಟೆಡ್ ಫ್ರಂಟ್ ಬಿಳಿಯರ ಅಂಗಡಿಗಳ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಅವರ ಬೇಡಿಕೆಗಳಲ್ಲಿ ಒಂದು ತೀರ ಸರಳ: ನಮ್ಮ ದುಡ್ಡು ತೆಗೆದುಕೊಳ್ಳುವ ಅಂಗಡಿಯಲ್ಲಿ ನಮ್ಮವರಿಗೂ ಕೆಲಸ ಕೊಡಿ. ಬಹಿಷ್ಕಾರ ವರ್ಷಗಟ್ಟಲೆ ನಡೆಯಿತು. ರಾತ್ರಿ ಗುಂಡಿನ ಸದ್ದು ಮಾಮೂಲಾಯಿತು. ಅನೇಕ ಅಂಗಡಿಯವರು ಕೆಲಸ ಕೊಡುವ ಬದಲು ಬಾಗಿಲು ಎಳೆದುಕೊಂಡು ಊರು ಬಿಟ್ಟರು. ಬಹಿಷ್ಕಾರವೇ ಊರನ್ನು ಕೊಂದಿತು ಎಂದು ಹೇಳುವವರಿದ್ದಾರೆ. ಊರಿನ ದೊಡ್ಡ ಪಾಲು ಜನರನ್ನು ಸಂಬಳದಿಂದಲೂ ಅಧಿಕಾರದಿಂದಲೂ ಹೊರಗಿಟ್ಟು ವ್ಯಾಪಾರ ಎಷ್ಟು ದಿನ ನಡೆಯುತ್ತಿತ್ತು ಎಂದು ಅವರು ಕೇಳಿಕೊಂಡಂತೆ ಕಾಣುವುದಿಲ್ಲ.

ಹೆದ್ದಾರಿಯ ಸೇತುವೆ ಬಂದಾಗ, 1978ರಲ್ಲಿ, ಪೇಟೆ ಆಗಲೇ ಅರ್ಧ ಮುಚ್ಚಿತ್ತು. ನಂತರದ ದಶಕದಲ್ಲಿ ಆಸ್ಪತ್ರೆಯೂ ಮುಚ್ಚಿತು.

61.72 ಅಡಿ

ಕೆಆರ್‌ಎಸ್ ಮಟ್ಟವನ್ನು ಅಡಿಗಳಲ್ಲಿ ಓದಿ ಅಭ್ಯಾಸವಿರುವ ನಮಗೆ ಕೇರೋದವರ ಅಡಿಯ ಲೆಕ್ಕ ಬೇಗ ಅರ್ಥವಾಗುತ್ತದೆ. ಓಹಾಯೊ ದಡದ ಮಾಪಕದಲ್ಲಿ 40 ಅಡಿ ದಾಟಿದರೆ ಪ್ರವಾಹ. ಊರಿನ ಗೋಡೆ ತಡೆಯುವುದು 64 ಅಡಿಯವರೆಗೆ. 1937ರ ಚಳಿಗಾಲದಲ್ಲಿ ನೀರು 59.5 ಅಡಿಗೆ ಬಂತು. ಆಗ ಎದುರು ದಡದ ಮಿಸೌರಿಯಲ್ಲಿ, ಬರ್ಡ್ಸ್ ಪಾಯಿಂಟ್ ಎಂಬಲ್ಲಿ, ಏರಿಯನ್ನು ಡೈನಮೈಟ್ ಇಟ್ಟು ಒಡೆದರು. ಇದು ಆತುರದ ಕ್ರಮವಲ್ಲ. 1927ರ ಮಹಾಪ್ರವಾಹದ ನಂತರ 1928ರಲ್ಲಿ ಮಾಡಿದ ಕಾನೂನಿನ ಪ್ರಕಾರ, ನದಿ ಮಿತಿ ಮೀರಿದಾಗ ನೀರು ಬಿಡಲು ಆ ಜಮೀನನ್ನು ಮೊದಲೇ ಗೊತ್ತುಮಾಡಿದ್ದರು.

2011ರ ವಸಂತದಲ್ಲಿ ಎರಡೂ ನದಿಗಳು ಒಟ್ಟಿಗೆ ಬಂದವು. ಮೇ 2ರಂದು ಮಾಪಕ 61.72 ಅಡಿ ತೋರಿಸಿತು, ಅದುವರೆಗೆ ಕಾಣದ ಮಟ್ಟ. ಏರಿಯ ಅಡಿಯಿಂದ ಒತ್ತಡದ ನೀರು ಒಳಗೆ ನುಸುಳಿ ಊರೊಳಗೆ ಮರಳು ಸಮೇತ ಬುಗ್ಗೆಯಾಗಿ ಚಿಮ್ಮುತ್ತಿತ್ತು. ಕೆರೆ ಏರಿಯ ಕೆಳಗೆ ಒಸರು ಕಂಡರೆ ಹಳ್ಳಿಯವರು ಯಾಕೆ ಗಾಬರಿಯಾಗುತ್ತಾರೋ ಅದೇ ಕಾರಣಕ್ಕೆ ಎಂಜಿನಿಯರರೂ ಗಾಬರಿಯಾದರು. ಮೇಯರ್ ಜಡ್ಸನ್ ಚೈಲ್ಡ್ಸ್ ಊರು ಖಾಲಿ ಮಾಡಿಸಿದರು. ಮಿಸೌರಿ ಸರ್ಕಾರ ತನ್ನ ಕಡೆಯ ಏರಿ ಒಡೆಯುವುದನ್ನು ತಡೆಯಲು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತಿತು. ಜಮೀನು ಮುಳುಗಬೇಕೋ ಕೇರೋ ಮುಳುಗಬೇಕೋ ಎಂದು ಕೇಳಿದಾಗ ಮಿಸೌರಿ ವಿಧಾನಸಭೆಯ ಅಧ್ಯಕ್ಷ ಕೇರೋ ಎಂದುಬಿಟ್ಟರು, ಆಮೇಲೆ ಕ್ಷಮೆ ಕೇಳಿದರು. ಅಂದು ರಾತ್ರಿ ಸೇನೆಯ ಎಂಜಿನಿಯರಿಂಗ್ ದಳದ ಮೇಜರ್ ಜನರಲ್ ಮೈಕಲ್ ವಾಲ್ಷ್ ಅವರ ಆದೇಶದಂತೆ ಏರಿ ಸ್ಫೋಟಿಸಿತು. ಮಿಸೌರಿಯ 1,30,000 ಎಕರೆಗೆ ನೀರು ನುಗ್ಗಿತು. ಕೇರೋ ಉಳಿಯಿತು.

ಆ 1,30,000 ಎಕರೆಯೊಳಗೆ ಪಿನ್‌ಹುಕ್ ಎಂಬ ಪುಟ್ಟ ಹಳ್ಳಿ ಇತ್ತು. 1940ರ ದಶಕದಲ್ಲಿ ಬೇರೆಲ್ಲೂ ಜಮೀನು ಕೊಳ್ಳಲು ಬಿಡದಿದ್ದಾಗ ಕಪ್ಪು ರೈತರು ಅಲ್ಲಿ ನೆಲ ಕೊಂಡು ಕಟ್ಟಿಕೊಂಡ ಹಳ್ಳಿ. ಅದು ನಾಶವಾಯಿತು. ಬಹುಪಾಲು ಕಪ್ಪು ಜನರೇ ಇರುವ ಒಂದು ಬಡ ಪಟ್ಟಣವನ್ನು ಉಳಿಸಿದ ನೀರು ಇನ್ನೊಂದು ಕಪ್ಪು ಹಳ್ಳಿಯನ್ನು ತೆಗೆದುಕೊಂಡಿತು. ಎಕರೆಗೂ ಊರಿಗೂ ತಕ್ಕಡಿ ಹಿಡಿದ ಚರ್ಚೆಯಲ್ಲಿ ಪಿನ್‌ಹುಕ್‌ನ ಹೆಸರು ಎತ್ತಿದವರು ಕಡಿಮೆ.

ಕೌಂಟಿಯ ಏರಿಯಾಚೆಗಿನ ಹಳ್ಳಿಗಳಿಗೂ ರಕ್ಷಣೆ ಸಿಗಲಿಲ್ಲ. ಅದೇ ವರ್ಷ ಆಲಿವ್ ಬ್ರಾಂಚ್‌ಗೆ ನೀರು ಹೊಕ್ಕಿತು. 2016ರ ಜನವರಿಯಲ್ಲಿ ಮಿಸಿಸಿಪಿ ಕಡೆಯ ಲೆನ್ ಸ್ಮಾಲ್ ಏರಿ ಒಡೆಯಿತು. ಅಲ್ಲಿ ನದಿ ಡಾಗ್‌ಟೂತ್ ಬೆಂಡ್ ಎಂಬ ಹೊಲಗಳ ದೊಡ್ಡ ಕೊಂಕನ್ನು ಸುತ್ತಿ ಹೋಗುತ್ತದೆ. ಬಿರುಕು ಸಿಕ್ಕಮೇಲೆ ಸುತ್ತುವ ಬದಲು ನೇರ ನುಗ್ಗತೊಡಗಿತು. ಪ್ರತಿ ನೆರೆಗೂ ಹೊಲದ ಮೇಲೆ ಮರಳು, ಕೊಚ್ಚಿಹೋದ ರಸ್ತೆ. 2019ರಲ್ಲಿ ನೆರೆ ತಿಂಗಳುಗಟ್ಟಲೆ ಇಳಿಯಲಿಲ್ಲ. ಕೊನೆಗೆ ಕೇಂದ್ರದ ಕೃಷಿ ಇಲಾಖೆ ರೈತರಿಗೆ ದುಡ್ಡು ಕೊಟ್ಟು ಸಾಗುವಳಿಯ ಹಕ್ಕನ್ನು ಕೊಂಡು, ನೆಲವನ್ನು ನದಿಗೆ ಬಿಡುವ ಯೋಜನೆ ತಂದಿತು. ತಲೆಮಾರುಗಳಿಂದ ಉತ್ತವರಿಗೆ ಇದು ಸುಲಭದ ಸಹಿಯಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಈ ಕೌಂಟಿಯಲ್ಲಿ ಭೂಗೋಳವನ್ನು ಒಪ್ಪಿಕೊಂಡು ಮಾಡಿದ ಮೊದಲ ತೀರ್ಮಾನ ಇದು.

ಸರ್ಕಾರ ಬಂತು, ಸರ್ಕಾರ ಹೋಯಿತು

ಕಾರ್ಖಾನೆ, ಪೇಟೆ ಹೋದ ಮೇಲೆ ಕೌಂಟಿಯ ಬದುಕು ಸರ್ಕಾರಿ ಸಂಬಳ, ಸರ್ಕಾರಿ ಮನೆಗಳ ಮೇಲೆ ನಿಂತಿತು. 1998ರಲ್ಲಿ ಟ್ಯಾಮ್ಸ್ ಎಂಬ ಊರಲ್ಲಿ ರಾಜ್ಯದ ಅತಿ ಭದ್ರತೆಯ ಜೈಲು ತೆರೆಯಿತು, ಉದ್ಯೋಗದ ಆಸೆಯಿಂದ ಜನ ಅದನ್ನು ಸ್ವಾಗತಿಸಿದರು. ಖೈದಿಗಳನ್ನು ವರ್ಷಗಟ್ಟಲೆ ಒಂಟಿಯಾಗಿ ಇಡುವ ಕ್ರಮದ ವಿರುದ್ಧ ಹೋರಾಟ ನಡೆಯಿತು, ರಾಜ್ಯದ ಬೊಕ್ಕಸವೂ ಬರಿದಾಗಿತ್ತು, 2013ರ ಜನವರಿಯಲ್ಲಿ ಅದು ಮುಚ್ಚಿತು. ಮುಚ್ಚಿದ್ದು ಸರಿಯೇ. ಆದರೆ ಆ ಸಂಬಳಗಳ ಜಾಗಕ್ಕೆ ಬೇರೇನೂ ಬರಲಿಲ್ಲ.

ಕೇರೋದಲ್ಲಿ ಎಲ್ಮ್‌ವುಡ್, ಮೆಕ್‌ಬ್ರೈಡ್ ಎಂಬ ಎರಡು ಸಾರ್ವಜನಿಕ ವಸತಿ ಸಮುಚ್ಚಯಗಳಿದ್ದವು. 1940ರ ದಶಕದಲ್ಲಿ ಒಂದು ಬಿಳಿಯರಿಗೆ, ಇನ್ನೊಂದು ಕಪ್ಪು ಜನರಿಗೆ ಎಂದು ಕಟ್ಟಿದ್ದು. ವರ್ಷಗಳ ಕಾಲ ದುರಸ್ತಿ ಕಾಣದೆ ಅವು ಇಲಿ, ತಿಗಣೆ, ಬೂಷ್ಟಿನ ಮನೆಗಳಾದವು. 2016ರಲ್ಲಿ ಕೇಂದ್ರದ ವಸತಿ ಇಲಾಖೆ ಸ್ಥಳೀಯ ಪ್ರಾಧಿಕಾರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದುರಸ್ತಿಯ ನಿರೀಕ್ಷೆಯಲ್ಲಿದ್ದವರಿಗೆ 2017ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಮನೆ ಬಿಡಬೇಕೆಂಬ ಸೂಚನೆ. ಸುಮಾರು ಇನ್ನೂರು ಕುಟುಂಬಗಳು. ಬಾಡಿಗೆಯ ಸಹಾಯಚೀಟಿ ಕೊಟ್ಟರು, ಆದರೆ ಅದನ್ನು ಬಳಸಲು ಊರಲ್ಲಿ ಬಾಡಿಗೆ ಮನೆಗಳೇ ಇರಲಿಲ್ಲ. ಹಾಗಾಗಿ ಸಹಾಯಚೀಟಿ ಹಿಡಿದವರು ಮಿಸೌರಿಗೆ, ಕೆಂಟಕಿಗೆ, ದೂರದ ಊರುಗಳಿಗೆ ಹೋದರು. ಅವರ ಜೊತೆ ಶಾಲೆಯ ಮಕ್ಕಳೂ ಹೋದರು. 2020ರ ಜನಗಣತಿಯ ಆ 36 ಶೇಕಡಾದಲ್ಲಿ ಇವರೂ ಸೇರಿದ್ದಾರೆ. ಇದನ್ನು ‘ವಲಸೆ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

2015ರಲ್ಲಿ ಊರಿನ ಒಂದೇ ಒಂದು ದಿನಸಿ ಅಂಗಡಿ ಮುಚ್ಚಿತ್ತು. ಸುತ್ತ ಸೋಯಾ, ಮೆಕ್ಕೆಜೋಳದ ಹೊಲ, ಊರಲ್ಲಿ ತಾಜಾ ತರಕಾರಿ ಇಲ್ಲ. ಎಂಟು ವರ್ಷ ಜನ ಪಕ್ಕದ ರಾಜ್ಯಕ್ಕೆ ಹೋಗಿ ದಿನಸಿ ತಂದರು. ಕಾರಿಲ್ಲದವರು ಕಾರಿದ್ದವರಿಗೆ ದುಡ್ಡು ಕೊಟ್ಟು ತರಿಸಿಕೊಂಡರು. 2023ರ ಜೂನ್‌ನಲ್ಲಿ ರಾಜ್ಯದ ನೆರವಿನಿಂದ ಊರಿನವರೇ ಸದಸ್ಯರಾಗಿ ಒಂದು ಸಹಕಾರಿ ಅಂಗಡಿ ತೆರೆದರು. ತೆರೆದ ಮೇಲೂ ಕಷ್ಟ ತಪ್ಪಲಿಲ್ಲ. ಇಷ್ಟು ಕಡಿಮೆ ಗಿರಾಕಿಗಳಿರುವ ಊರಿನಲ್ಲಿ ಶೀತಲ ಪೆಟ್ಟಿಗೆ ಕೆಟ್ಟರೂ ಅದು ದೊಡ್ಡ ಪೆಟ್ಟೇ. ಆದರೂ ಪೇಟೆಯ ಅಂಗಡಿಯಲ್ಲಿ ಕೆಲಸಕ್ಕಾಗಿ ಬೀದಿಗಿಳಿದಿದ್ದ ಊರಿನಲ್ಲಿ, ಅದೇ ಜನ ಅಂಗಡಿಯ ಪಾಲುದಾರರಾದದ್ದು ಸಣ್ಣ ಸಂಗತಿಯಲ್ಲ.

ಈಗ ಉಳಿದಿರುವ ಮಾತು ಬಂದರಿನದು. ಕೇರೋದಿಂದ ಕೆಳಕ್ಕೆ ಸಮುದ್ರದವರೆಗೆ ಮಿಸಿಸಿಪಿಯಲ್ಲಿ ಒಂದೂ ಲಾಕ್ ಗೇಟು (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆ) ಇಲ್ಲ. ಮೇಲಿನ ನದಿಯಲ್ಲಿ ಗೇಟುಗಳ ಅಳತೆಗೆ ಹೊಂದಿ ಹದಿನೈದು ಚಪ್ಪಟೆ ಸರಕುದೋಣಿಗಳ, ಅಂದರೆ ಬಾರ್ಜ್‌ಗಳ ಕಟ್ಟಾಗಿ ಬರುವ ಸರಕು ಈ ಸಂಗಮದ ಬಳಿ ಬಿಚ್ಚಿಕೊಂಡು, ಮೂವತ್ತು ನಲವತ್ತು ಬಾರ್ಜ್‌ಗಳ ದೊಡ್ಡ ಕಟ್ಟಾಗಿ ದಕ್ಷಿಣಕ್ಕೆ ಹೋಗುತ್ತದೆ. ಒಂದೊಂದು ಬಾರ್ಜ್‌ನಲ್ಲಿ ಸುಮಾರು 1,500 ಟನ್. ಓಹಾಯೊ ಮೇಲೆ, ಪಕ್ಕದ ಪುಲಾಸ್ಕಿ ಕೌಂಟಿಯ ಓಲ್ಮ್‌ಸ್ಟೆಡ್‌ನಲ್ಲಿ, 2018ರಲ್ಲಿ ಸುಮಾರು 300 ಕೋಟಿ ಡಾಲರ್ ವೆಚ್ಚದ ಹೊಸ ಲಾಕ್ ಮತ್ತು ಅಣೆಕಟ್ಟು ತೆರೆದಿದೆ. ಅಂದರೆ ಸರಕು ಇಂದಿಗೂ ಇಲ್ಲಿ ನಿಲ್ಲುತ್ತದೆ, ನೀರಿನ ಮೇಲೆಯೇ. ದಡಕ್ಕೆ ಇಳಿಯುವುದಿಲ್ಲ. ಅದನ್ನು ದಡಕ್ಕೆ ತರುವ ಬಂದರಿಗೆಂದು ಇಲಿನಾಯ್ ಸರ್ಕಾರ 2020ರಲ್ಲಿ 4 ಕೋಟಿ ಡಾಲರ್ ಘೋಷಿಸಿತು. ನಕ್ಷೆ ನೋಡಿ ಹುಟ್ಟಿದ ಇನ್ನೊಂದು ಕನಸು ಎಂದು ಇದನ್ನು ತಳ್ಳಿಹಾಕಲು ನಾನು ತಯಾರಿಲ್ಲ, ಏಕೆಂದರೆ ಈ ಸಲ ಲೆಕ್ಕ ನೀರಿನ ಕಡೆಯಿಂದ ಬಂದಿದೆ. ನನ್ನ ಪ್ರಶ್ನೆ 1969ರಲ್ಲಿ ಕೇಳಿದ್ದೇ: ಬಂದರು ಆದರೆ ಅದರಲ್ಲಿ ಕೆಲಸ ಯಾರಿಗೆ? ಉಳಿದಿರುವ ಐದು ಸಾವಿರ ಜನರಿಗೋ, ಸೇತುವೆ ದಾಟಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೋ?